ವಿಡಿಯೋ ಅಂಗಡಿಯಲ್ಲಿ ಮೂರು ಬಾಟಲಿ

ಗಂಗಾವತಿಯ ನನ್ನ ವಿಡಿಯೋ ಅಂಗಡಿಯ ಕೌಂಟರಿನ ಮೇಲೆ ಮೂರು ಗಾಜಿನ ಬಾಟಲಿ ಇವೆ. ಒಂದರಲ್ಲಿ ನೆಲ್ಲು, ಅಂದರೆ ಭತ್ತ. ಇನ್ನೊಂದರಲ್ಲಿ ಹೊಟ್ಟು ಬಿಡಿಸಿದ, ಪಾಲಿಶ್ ಕಾಣದ ಕಂದು ಅಕ್ಕಿ. ಮೂರನೆಯದರಲ್ಲಿ ಬೆಳ್ಳನೆಯ ಸೋನಾ ಮಸೂರಿ. ಅಕ್ಕಿ ಮಿಲ್ಲುಗಳೇ ತುಂಬಿದ ನಮ್ಮೂರಲ್ಲಿ ಅಕ್ಕಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ವಿಡಿಯೋ ಅಂಗಡಿಯಲ್ಲಿ ಕಂಡರೆ ಎಲ್ಲರೂ ಕೇಳುತ್ತಾರೆ. "ಏನ್ರೀ ಮಲ್ಲಪ್ಪ, ಕ್ಯಾಮೆರಾ ಬಿಟ್ಟು ದಲಾಲಿ ಶುರು ಮಾಡಿದ್ರೇನು?"

ಕ್ಯಾಮೆರಾ ಬಿಟ್ಟದ್ದು ಖರೆ. ಮೊಣಕಾಲು ಮಾತು ಕೇಳುವುದನ್ನು ನಿಲ್ಲಿಸಿದ ಮೇಲೆ ಅಂಗಡಿಯನ್ನು ಸೊಸೆ ರೇಖಾಳಿಗೆ ಒಪ್ಪಿಸಿ ಮೂಲೆಯ ಕುರ್ಚಿ ಹಿಡಿದಿದ್ದೇನೆ. ಬೋರ್ಡಿನ ಮೇಲೆ ಈಗ ಅವಳ ಹೆಸರಿದೆ. ಇದನ್ನು ಬರೆಯಲು ಹೇಳಿದವಳೂ ಅವಳೇ.

"ಮಾವಾರ, ಈ ಕೆಲಸಕ್ಕ ಬರೋ ಹೊಸಬ್ರೂ ಕೇಳ್ತಾರ, ವಿಡಿಯೋ ಮಾಡ್ಸಾಕ ಬರೋ ಮಂದೀನೂ ಕೇಳ್ತಾರ. ದಿನಾ ಬಾಯಿಲೆ ಹೇಳೋದನ್ನ ಒಂದ ಸಲ ಬರದ ಇಡ್ರಿ."

"ನಾ ಏಳನೇತ್ತಾ ಓದಿದಾವ, ಏನ್ ಬರೀಲಿ?"

"ಏಳನೇತ್ತಾ ಓದಿ ಮೂರು ಜಿಲ್ಲಾದ ಮದಿವಿ ಹಿಡದೀರಲ್ಲ, ಅದನ್ನ ಬರೀರಿ."

ಬರೆಯುತ್ತಿದ್ದೇನೆ. ಬಾಟಲಿಗಳ ಕತೆಯನ್ನೇ ಬರೆಯುತ್ತೇನೆ. ನನಗೆ ಗೊತ್ತಿರುವ ವಿದ್ಯೆಯೆಲ್ಲ ಅದರಲ್ಲಿ ಬಂದುಬಿಡುತ್ತದೆ.

ಏಳನೇ ತರಗತಿಗೆ ಸಾಲಿ ನನಗೆ ಸಾಕಾಗಿತ್ತು, ಸಾಲಿಗೂ ನಾನು ಸಾಕಾಗಿದ್ದೆ. ಕೊಪ್ಪಳದಲ್ಲಿ ಖಾದರಸಾಬರ ಸ್ಟುಡಿಯೋ ಸೇರಿದೆ. ನಾವು ಅವರನ್ನು ಉಸ್ತಾದ್ ಅನ್ನುತ್ತಿದ್ದೆವು. ಅವರ ಕೈ ಬಂಗಾರದ್ದು, ಬಾಯಿ ಮಾತ್ರ ಬೀಗ ಹಾಕಿದ ಪೆಟ್ಟಿಗೆ. ಯಾವ ಗುಂಡಿ ಯಾಕೆ ಒತ್ತಬೇಕು ಎಂದು ಎಂದೂ ಹೇಳಲಿಲ್ಲ. ಅವರು ಒತ್ತಿದ್ದನ್ನು ನಾನು ನೋಡಬೇಕು, ಮರುದಿನ ನಾನು ಒತ್ತಿದಾಗ ಅವರು ಬೈಯಬೇಕು. ಕಲಿಕೆ ಅಂದರೆ ಅಷ್ಟೇ.

ಕ್ಯಾಮೆರಾವನ್ನು ಕರು ಹೊತ್ತಂತೆ ಭುಜದ ಮೇಲೆ ಹೊರುತ್ತಿದ್ದ ಕಾಲ. ಕುಷ್ಟಗಿಯ ಒಂದು ಮದುವೆಗೆ ಉಸ್ತಾದರು ನನ್ನೊಬ್ಬನನ್ನೇ ಕಳಿಸಿದರು. ಬೆಳಿಗ್ಗೆ ಮನೆಯೊಳಗೆ ಹಳದಿ ಲೈಟು ಹಾಕಿ ಅರಿಶಿನ ಹಚ್ಚುವುದನ್ನು ತೆಗೆದೆ, ಛಲೋ ಬಂತು. ಅದೇ ಹುಮ್ಮಸ್ಸಿನಲ್ಲಿ ಹೊರಗೆ ಚಪ್ಪರಕ್ಕೆ ಬಂದು ಅಕ್ಷತೆ, ತಾಳಿ, ಎಲ್ಲ ತೆಗೆದೆ. ವಾರದ ಮೇಲೆ ಕ್ಯಾಸೆಟ್ ಹಾಕಿದರೆ ಮದುಮಗಳು ನೀಲಿ, ಮದುಮಗ ನೀಲಿ, ಮಂತ್ರ ಹೇಳುವ ಐನೋರು ನೀಲಿ, ಅಕ್ಷತೆ ಸಹ ನೀಲಿ. ಬೆಳಕು ಬದಲಾದಾಗ ಯಾವುದು ಬಿಳಿ ಎಂದು ಕ್ಯಾಮೆರಾಕ್ಕೆ ಹೊಸದಾಗಿ ತೋರಿಸಬೇಕು. ಅದಕ್ಕೆ ವೈಟ್ ಬ್ಯಾಲೆನ್ಸ್ ಅನ್ನುತ್ತಾರೆ. ನನಗದು ಗೊತ್ತೇ ಇರಲಿಲ್ಲ. ಆದದ್ದಾಗಲಿ ಎಂದು ಕ್ಯಾಸೆಟ್ ಕೊಡಲು ಹೋದೆ. ಹುಡುಗಿಯ ಅಜ್ಜಿ ಕನ್ನಡಕ ಏರಿಸಿ ನೋಡಿ ಹೇಳಿದಳು: "ಯಪ್ಪಾ, ನಮ್ಮ ಹುಡುಗಿ ಕೃಷ್ಣ ಪರಮಾತ್ಮನ ಬಣ್ಣ ಬಂದಾಳ. ಅಳಿಯಾನೂ ನೀಲಿ ಅದಾನ. ಜೋಡಿ ಛಲೋ ಆಗೇತಿ ತಗೋ."

ಅಜ್ಜಿಯ ಪುಣ್ಯದಿಂದ ಬದುಕಿದೆ. ಮುಂದಿನ ಮದುವೆಗೆ ಉಸ್ತಾದರು ತಾವೇ ಬಂದರು. ಚಪ್ಪರಕ್ಕೆ ಕಾಲಿಟ್ಟೊಡನೆ ಒಬ್ಬ ಹಿರಿಯರ ಮುಂದೆ ನಿಂತು, "ಮಾವಾರ, ಒಂದ ನಿಮಿಷ, ನಿಮ್ಮ ಧೋತರ ಬೇಕಾಗೇತಿ" ಅಂದರು. ಆ ಹಿರಿಯರು ಎರಡೂ ಕೈಯಿಂದ ಧೋತರ ಬಿಗಿಹಿಡಿದು ಹಿಂದೆ ಸರಿದರು. ಉಸ್ತಾದರು ಅದರ ಬಿಳುಪಿಗೆ ಕ್ಯಾಮೆರಾ ಹಿಡಿದು ಗುಂಡಿ ಒತ್ತಿ, ಸಲಾಮು ಮಾಡಿ ನಡೆದರು. ಅಂದಿನಿಂದ ನನ್ನ ಯಾವ ಮದುವೆಯಲ್ಲೂ ಯಾರೂ ನೀಲಿಯಾಗಲಿಲ್ಲ. ಈಗಿನ ಕ್ಯಾಮೆರಾ ಬಿಳುಪನ್ನು ತಾನೇ ಹುಡುಕಿಕೊಳ್ಳುತ್ತದೆ. ಆದರೂ ಮಂಟಪದಲ್ಲಿ ಬಿಳಿ ಧೋತರ ಕಂಡರೆ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಉಸ್ತಾದರಿಂದ ಒಂದು ಕೆಟ್ಟ ಪಾಠವನ್ನೂ ಕಲಿತೆ. "ಗಿರಾಕಿ ಮುಂದ 'ಗೊತ್ತಿಲ್ಲ' ಅನಬ್ಯಾಡ ಮಲ್ಲಿ. ಹ್ಞೂಂ ಅನ್ನು. ಆಮ್ಯಾಲೆ ನೋಡ್ಕೊಳ್ಳೋಣ" ಅನ್ನುತ್ತಿದ್ದರು. ಸಾಲಿ ಬಿಟ್ಟವನಿಗೆ ಈ ಮಾತು ಬೆಲ್ಲದಂತೆ ಹತ್ತಿತು. ಓದಿದವರ ಮುಂದೆ ಹ್ಞೂಂ ಅಂದರೆ ಮರ್ಯಾದೆ ಉಳಿಯುತ್ತದೆ ಎಂದು ನಂಬಿ ಗಂಗಾವತಿಯಲ್ಲಿ ಸ್ವಂತ ಅಂಗಡಿ ಹಾಕಿದೆ.

ಹ್ಞೂಂ ಅಂದು ಮೊದಲು ಪೆಟ್ಟು ತಿಂದದ್ದು ಸಿದ್ದಾಪುರದಲ್ಲಿ. ಹೆಣ್ಣಿನ ಕಡೆಯ ಬೀಗರೊಬ್ಬರು ಮದುವೆಗೆ ಮೊದಲೇ, "ನೀವು ತಗದದ್ದು ಎಲ್ಲಾ ಕೊಡಬೇಕು, ಒಂದೂ ಬಿಡಬಾರ್ದು" ಅಂದರು. ಹ್ಞೂಂ ಅಂದೆ. ಕ್ಯಾಮೆರಾದಲ್ಲಿ ಬಂದದ್ದು ಬಂದ ಹಾಗೆ ಇರುವುದಕ್ಕೆ ರಾ ಫುಟೇಜ್ ಅನ್ನುತ್ತೇವೆ. ಕತ್ತರಿಸಿ ಜೋಡಿಸಿದ್ದರ ಜೊತೆ ಅದನ್ನೂ ಕೊಟ್ಟೆ. ಅವರು ಬಂಧುಗಳನ್ನೆಲ್ಲ ಊಟಕ್ಕೆ ಕರೆದು, ದೊಡ್ಡ ಪರದೆ ಕಟ್ಟಿ, ಜೋಡಿಸಿದ್ದನ್ನು ಬಿಟ್ಟು ಇದನ್ನೇ ಹಾಕಿದರು. ಊಟದ ಪಂಕ್ತಿಯ ಹತ್ತಿರ ನಾನು ಕ್ಯಾಮೆರಾ ಬಂದ್ ಮಾಡುವುದನ್ನು ಮರೆತಿದ್ದೆ. ಗಂಡಿನ ಸೋದರತ್ತೆ ಪಕ್ಕದವಳಿಗೆ ಹೇಳಿದ್ದು ಮೈಕಿನಲ್ಲಿ ಸ್ವಚ್ಛ ಬಂದಿತ್ತು: "ಹುಗ್ಗಿಗೆ ತುಪ್ಪ ಹಾಕ್ಯಾರೋ, ತುಪ್ಪದ ಡಬ್ಬಿ ತೋರಿಸ್ಯಾರೋ?"

ಊಟಕ್ಕೆ ಕುಳಿತವರ ಕೈ ತಾಟಿನಲ್ಲೇ ನಿಂತಿತು. ಎರಡೂ ಮನೆಯವರು ಕೆಲವು ದಿನ ಮಾತು ಬಿಟ್ಟರು. ಮುಂದಿನ ಹಬ್ಬಕ್ಕೆ ಆ ಅತ್ತೆಯೇ ಒಂದು ಡಬ್ಬಿ ತುಪ್ಪ ಕಳಿಸಿ, "ಇದನ್ನ ತೋರಸ್ರಿ, ಹಾಕಲೂಬಹುದು" ಎಂದು ಹೇಳಿಕಳಿಸಿದ ಮೇಲೆ ನಕ್ಕು ಒಂದಾದರು. ವಿಡಿಯೋ ಮಾಡಿಸುವವರು ರಾ ಫುಟೇಜ್ ಬೇಕೋ ಬೇಡವೋ ಎಂದು ಮೊದಲೇ ಮಾತಾಡಿಕೊಳ್ಳಬೇಕು. ಬೇಕು ಅಂದರೆ ಅದರಲ್ಲಿ ಏನೇನಿರುತ್ತದೆ ಎಂದು ನಾವು ಬಾಯಿಬಿಟ್ಟು ಹೇಳಬೇಕು.

ಇಷ್ಟಾದರೂ ನನ್ನ ಹ್ಞೂಂ ಹೋಗಲಿಲ್ಲ. ಅದು ಹೋದದ್ದು ಸುವರ್ಣಾಳ ಕೆಲಸದಲ್ಲಿ.

ಸುವರ್ಣಾ ನಮ್ಮ ಚನ್ನಬಸಪ್ಪ ಸಾಹುಕಾರರ ಒಬ್ಬಳೇ ಮಗಳು. ಸಾಹುಕಾರರದು ಅಕ್ಕಿ ಮಿಲ್ಲು. ಆಫೀಸಿನ ಒಳಗಿನ ಕೆಲಸವನ್ನೆಲ್ಲ ಅವಳೇ ನೋಡುತ್ತಿದ್ದಳು. ಆದರೆ ಹೊರಗಿನ ಖರೀದಿದಾರರು ಬಂದರೆ ಮಾತಿಗೆ ಕೂರುತ್ತಿದ್ದವನು ಸಾಹುಕಾರರ ಅಣ್ಣನ ಮಗ ಬಸವರಾಜ. ಅವನಿಗೆ ಅಕ್ಕಿಗಿಂತ ಅಂಗಿಯ ಇಸ್ತ್ರಿಯ ಚಿಂತೆ ಹೆಚ್ಚು. ಹೈದರಾಬಾದ್ ಕಡೆಯ ದೊಡ್ಡ ಖರೀದಿದಾರರು ಮಿಲ್ಲು ನೋಡಲು ಬರುತ್ತೇವೆ ಅಂದರು. ಅವರು ಬರುವ ವಾರ ಮಿಲ್ಲು ದುರಸ್ತಿಗೆ ನಿಂತಿರುತ್ತದೆ. ಹಾಗಾಗಿ ಓಡುವ ಮಿಲ್ಲನ್ನು ವಿಡಿಯೋದಲ್ಲಿ ತೋರಿಸೋಣ ಎಂದು ಸುವರ್ಣಾ ಹಟ ಹಿಡಿದಳು. ಸಾಹುಕಾರರು ಒಂದು ಮಾತು ಹೇಳಿ ಒಪ್ಪಿದರು: "ನಿನ್ನ ವಿಡಿಯೋ ಛಲೋ ಬಂದ್ರ ಹೊರಗಿನ ವ್ಯಾಪಾರ ನೀ ಮಾಡು. ಇಲ್ಲಾಂದ್ರ ಬಸವರಾಜ ಮಾಡ್ತಾನ, ನೀ ಒಳಗ ಕುಂದ್ರು. ಮತ್ತ ಇದರ ಮಾತು ತಗೀಬ್ಯಾಡ."

ಅವಳು ನನ್ನ ಅಂಗಡಿಗೆ ಬಂದದ್ದು ಒಂದು ಕಾಗದ ಹಿಡಿದುಕೊಂಡು. ದುಂಡನೆಯ ಅಕ್ಷರದಲ್ಲಿ ಸ್ಕ್ರಿಪ್ಟ್, ಸ್ಟೋರಿಬೋರ್ಡ್, ಬಿ-ರೋಲ್, ವಾಯ್ಸ್ ಓವರ್, ರಫ್ ಕಟ್, ಎರಡು ರಿವಿಷನ್, ಫೈನಲ್ ಎಂದು ಬರೆದಿದ್ದಳು. ರಫ್ ಕಟ್, ಫೈನಲ್ ನನಗೆ ಗೊತ್ತಿದ್ದವು. ಮದುವೆಯಲ್ಲಿ ಸ್ಕ್ರಿಪ್ಟ್ ಬರೆಯುವವರು ಐನೋರು. ಬಿ-ರೋಲ್ ಹೆಸರು ಕೇಳಿರಲೇ ಇಲ್ಲ.

"ಕಾಕಾ, ಸ್ಟೋರಿಬೋರ್ಡ್ ಮೊದಲ ತೋರಸ್ತೀರಲ್ಲ?"

"ಹ್ಞೂಂ."

"ಬಿ-ರೋಲ್ ಭಾಳ ಇರ್ಲಿ."

"ಹ್ಞೂಂ, ಎಷ್ಟ ಬೇಕಾದ್ರೂ ಇರ್ಲಿ."

"ಮಿಲ್ಲಿನಾಗ ಏನೇನ್ ಐತಿ, ಎಲ್ಲಾ ಕಾಣಬೇಕು ಕಾಕಾ."

"ಎಲ್ಲಾ ಕಾಣತೈತಿ, ನೀ ಚಿಂತಿ ಬಿಡು."

ಅವಳು ಏನೋ ಕೆಲಸಕ್ಕೆ ಕೊಪ್ಪಳಕ್ಕೆ ಹೋದ ದಿನ ನಾನು ಮಿಲ್ಲಿಗೆ ಹೋದೆ. ನನ್ನ ಜೀವಮಾನವೆಲ್ಲ ಮದುವೆ ತೆಗೆದ ಅನುಭವವನ್ನು ಅಲ್ಲಿ ಸುರಿದೆ. ಹಮಾಲರಿಗೆಲ್ಲ ಹೊಸ ಅಂಗಿ ಹಾಕಿಕೊಂಡು ಬರಲು ಹೇಳಿದ್ದೆ, ಸಾಲಾಗಿ ನಿಲ್ಲಿಸಿದೆ. ಸಾಹುಕಾರರಿಗೆ ಶಾಲು ಹೊದಿಸಿ ನಡುವೆ ಕೂರಿಸಿದೆ. ಮಿಲ್ಲಿನ ಒಳಗೆ ತೌಡಿನ ಧೂಳು, ಕಿವಿಗಡಚಿಕ್ಕುವ ಸದ್ದು. ಧೂಳಿನಲ್ಲಿ ಏನು ಕಾಣುತ್ತದೆ, ಸದ್ದಿನಲ್ಲಿ ಏನು ಕೇಳುತ್ತದೆ? ಯಂತ್ರಗಳನ್ನೆಲ್ಲ ನಿಲ್ಲಿಸಿದೆ. ನೆಲ ಗುಡಿಸಲು, ಯಂತ್ರಗಳನ್ನು ಒರೆಸಲು ಹೇಳಿ, ಕುಂಕುಮ ಹಚ್ಚಿಸಿ ಚೆಂಡುಹೂವಿನ ಹಾರ ಹಾಕಿಸಿದೆ. ಆಮೇಲೆ ಕ್ಯಾಮೆರಾ ಶುರು ಮಾಡಿದೆ.

ಮಿಲ್ಲಿನ ಮಿಸ್ತ್ರಿ ಹನುಮಂತಪ್ಪ ಹಳೆಯ ಮನುಷ್ಯ. ಆ ಯಂತ್ರಗಳನ್ನು ಸಾಕಿದವನು ಅವನೇ. ಹೆಗಲ ಮೇಲಿನ ಎಣ್ಣೆ ಅರಿವೆಯಿಂದ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ.

"ಮಲ್ಲಪ್ಪಣ್ಣ, ನಿಂತ ಮಶೀನು ಹೆಣ ಇದ್ದಂಗ. ಹೆಣಕ್ಕ ಹಾರಾನೂ ಹಾಕೀರಿ. ಇನ್ನ ಯಾರರ ಅಳೋರನ್ನ ಕರೀಲೇನು?"

"ಏ ಹನುಮಂತಪ್ಪ, ನಿನ್ನ ಮಶೀನು ನೀ ನೋಡ್ಕೋ. ವಿಡಿಯೋ ನನಗ ಬಿಡು."

ಇವತ್ತಿಗೂ ಆ ಮಾತು ನೆನಪಾದರೆ ನನಗೆ ನಗು ಬರುತ್ತದೆ. ಓಡುವ ಮಿಲ್ಲನ್ನು ತೋರಿಸಲು ಕರೆಸಿಕೊಂಡವನು ನಾನು, ಮಿಲ್ಲನ್ನೇ ನಿಲ್ಲಿಸಿ ಚಿತ್ರ ತೆಗೆದೆ. ತೆಗೆದದ್ದನ್ನು ಕತ್ತರಿಸಿ, ಒರಟಾಗಿ ಜೋಡಿಸಿ, ರಫ್ ಕಟ್ ಹಿಡಿದುಕೊಂಡು ಮಿಲ್ಲಿನ ಆಫೀಸಿಗೆ ಹೋದೆ. ಸುವರ್ಣಾ ಇನ್ನೂ ಒಂದು ತುಣುಕೂ ನೋಡಿರಲಿಲ್ಲ. ಸಾಹುಕಾರರು ಬಸವರಾಜನನ್ನೂ ಕರೆಸಿದ್ದರು.

ರಫ್ ಕಟ್ ಅಂದರೆ ಬಣ್ಣ ಸರಿ ಮಾಡಿರುವುದಿಲ್ಲ, ಹಾಡು ಹಾಕಿರುವುದಿಲ್ಲ. ಅಳತೆ ಗೊತ್ತಾಗಲೆಂದು ಮೇಲೆ ನಿಮಿಷ ಸೆಕೆಂಡಿನ ಅಂಕಿ ಓಡುತ್ತಿರುತ್ತದೆ. ಮುಂದೆ ಹಾಕಬೇಕಾದ ದನಿಯ ಜಾಗದಲ್ಲಿ ನನ್ನದೇ ದನಿ ತುಂಬಿದ್ದೆ. "ಇಲ್ಲಿ ಮಿಲ್ಲಿನ ಹೆಸರು ಬರತೈತಿ, ಇಲ್ಲಿ ಸನಾದಿ ಬರತೈತಿ" ಅನ್ನುವಂಥದ್ದು. ಇದನ್ನೆಲ್ಲ ಸಾಹುಕಾರರಿಗೆ ಮೊದಲು ಹೇಳಬೇಕಿತ್ತು. ಹೇಳಲಿಲ್ಲ. ಹಾಕಿಬಿಟ್ಟೆ.

"ಏ ಮಲ್ಲಪ್ಪ, ಮ್ಯಾಲೆ ಏನದು, ಪೆಟ್ರೋಲ್ ಪಂಪಿನ ಮೀಟರ್ ಓಡಿದಂಗ ಓಡಾಕತ್ತೇತಿ?"

"ಅದು ಕಡೀಕ ತಗೀತೀವ್ರಿ ಸಾಹುಕಾರ್ರ."

"ಈ ದನಿ ಯಾರ್ದು? ನೆಗಡಿ ಬಂದಂಗ ಐತಿ."

"ನಂದ ರೀ."

"ನನ್ನ ಮಾರಿ ಯಾಕ ಹಿಂಗ ಬೂದಿ ಬಡದಂಗ ಕಾಣತೈತಿ?"

ಬಸವರಾಜ ಕಾಲ ಮೇಲೆ ಕಾಲು ಹಾಕಿಕೊಂಡು, "ಕಾಕಾ, ಇದು ಮಿಲ್ಲಿಂದೋ, ಮಿಲ್ಲಿನ ಮದಿವೀದೋ?" ಅಂದ.

ಸಾಹುಕಾರರು ನಗಲಿಲ್ಲ. ಎದ್ದು ನಿಂತು ಮಗಳ ಕಡೆ ನೋಡಿದರು. "ಬಿಡವ್ವಾ ಸುವರ್ಣಾ. ಇಷ್ಟ ಆತು. ಅವರು ಬಂದಾಗ ಬಸವರಾಜ ಮಾತಾಡ್ತಾನ." ಹೊರಗೆ ನಡೆದರು. ಬಸವರಾಜ ಅಂಗಿ ಸರಿಮಾಡಿಕೊಂಡು ಹಿಂದೆ ಹೋದ.

ಸುವರ್ಣಾ ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದು ಮಿಲ್ಲಿನ ಹಿಂದಿನ ಬೇವಿನ ಗಿಡದ ಕೆಳಗೆ ಹೋಗಿ ಕಲ್ಲಿನ ಮೇಲೆ ಕುಳಿತಳು. ನಾನು ಎರಡು ಕಪ್ ಚಹಾ ಹಿಡಿದು ಹೋದೆ. ಮಿಲ್ಲು ಇನ್ನು ಮೂರೇ ದಿನ ಓಡುತ್ತಿತ್ತು. ಆಮೇಲೆ ದುರಸ್ತಿ. ಆಮೇಲೆ ಖರೀದಿದಾರರು.

ಚಹಾ ಕೊಟ್ಟೆ. 'ಗೊತ್ತಿಲ್ಲ' ಎಂಬ ಮಾತು ಹೊರಡುವುದಿಲ್ಲ. ಇಷ್ಟು ವರ್ಷ ಹ್ಞೂಂ ಅಂದ ಬಾಯಿ ಅದು.

"ಅವ್ವಾ ಸುವರ್ಣಾ, ಒಂದ ಮಾತು. ಬಿ-ರೋಲ್ ಅಂದ್ರ ಏನಂತ ನನಗ ಗೊತ್ತಿಲ್ಲ. ಸ್ಟೋರಿಬೋರ್ಡೂ ಗೊತ್ತಿಲ್ಲ. ಅವತ್ತ ಸುಮ್ನ ಹ್ಞೂಂ ಅಂದೆ."

ಅವಳು ಚಹಾದ ಕಪ್ಪಿನಿಂದ ಮುಖ ಎತ್ತಿ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳ ತುಟಿ ನಡುಗಿ, ಮೂಗು ಹಿಗ್ಗಿ, ಚಹಾ ಚೆಲ್ಲುವಂತೆ ನಗು ಬಂತು.

"ಕಾಕಾ, ನನಗೂ ಪೂರಾ ಗೊತ್ತಿಲ್ಲ. ಎಲ್ಲಾ ಇಂಟರ್ನೆಟ್ಟಿನಾಗ ನೋಡಿ ಬರ್ಕೊಂಡು ಬಂದೆ. ನಿಮ್ಮನ್ನ ಕೇಳಿದ್ರ ಹುಡಿಗಿ ಏನೂ ತಿಳ್ಕೊಂಡಿಲ್ಲ ಅಂತೀರಿ ಅಂತ ಸುಮ್ನಿದ್ದೆ."

ಗೊತ್ತಿಲ್ಲದ ಇಬ್ಬರು ಗೊತ್ತಿದೆ ಎಂದು ಸೇರಿ ಮಿಲ್ಲಿಗೆ ಹಾರ ಹಾಕಿದ್ದೆವು. ನಗು ನಿಲ್ಲುವ ಹೊತ್ತಿಗೆ ಹನುಮಂತಪ್ಪನೂ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಸುವರ್ಣಾ ಮೊಬೈಲಿನಲ್ಲಿ ಒಂದೊಂದೇ ಪದ ಹುಡುಕಿ ಓದಿದಳು, ನಾನು ನನ್ನ ಕೆಲಸದ ಭಾಷೆಯಲ್ಲಿ ಬಿಡಿಸಿದೆ, ಹನುಮಂತಪ್ಪ ಅವನ ಭಾಷೆಗೆ ಹಾಕಿಕೊಂಡ.

"ರಾ ಫುಟೇಜ್ ಅಂದ್ರ ಕ್ಯಾಮೆರಾದಾಗ ಬಂದದ್ದು ಬಂದಂಗ."

"ಅಂದ್ರ ನೆಲ್ಲು. ಕಲ್ಲು, ಕಡ್ಡಿ, ಜೊಳ್ಳು, ಎಲ್ಲಾ ಕೂಡಿ."

"ರಫ್ ಕಟ್ ಅಂದ್ರ ಬ್ಯಾಡಾದ್ದು ತಗದು ಜೋಡಿಸಿದ್ದು. ಬಣ್ಣ, ಹಾಡು ಇನ್ನೂ ಆಗಿರೂದಿಲ್ಲ."

"ಹೊಟ್ಟು ಬಿಟ್ಟೈತಿ, ಪಾಲಿಶ್ ಆಗಿಲ್ಲ. ಮುಂದ?"

"ಫೈನಲ್. ಎಲ್ಲಾ ಮುಗದು ಕೈಗೆ ಕೊಡೋದು."

"ಚೀಲ ತುಂಬಿ ಬಾಯಿ ಹೊಲದದ್ದು. ಅದನ್ನ ಮತ್ತ ಬಿಚ್ಚಸಿದ್ರ ಮತ್ತ ಕೂಲಿ ಕೊಡಬೇಕು."

ರಿವಿಷನ್, ಅಂದರೆ ತಿದ್ದಿಕೊಡುವುದು, ಎಷ್ಟು ಸಲ ಎಂದು ಮೊದಲೇ ಯಾಕೆ ಬರೆದುಕೊಳ್ಳಬೇಕು ಎಂಬುದನ್ನು ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ. ಬಿ-ರೋಲ್ ಬಂದಾಗ ಸುವರ್ಣಾ ಎರಡು ಸಲ ಓದಿದಳು. ಹನುಮಂತಪ್ಪ ತಲೆ ಕೆರೆದುಕೊಂಡ. "ಹಂಗಂದ್ರ, ಸಾಹುಕಾರ್ರು ಮಾತಾಡೋವಾಗ ಪೂರಾ ಅವರ ಮಾರೀನ ತೋರಿಸಬಾರ್ದು. ಅವರು ಯಾತರ ಮಾತು ಆಡಾಕತ್ತಾರೋ ಅದನ್ನೂ ನಡುನಡುವ ತೋರಿಸಬೇಕು. ಹೌದಿಲ್ಲೋ?"

ಹೌದು. ಅಷ್ಟೇ. ಬೀಳುವ ಕಾಳು, ಚೀಲ ಎತ್ತುವ ಕೈ, ಹಾರುವ ಹೊಟ್ಟು. ಮದುವೆಯಲ್ಲಿ ನಾನು ಮದರಂಗಿಯ ಕೈ, ಒಲೆಯ ಮೇಲಿನ ಹಂಡೆ ತೆಗೆಯುತ್ತಿದ್ದೆನಲ್ಲ, ಅದೇ ಬಿ-ರೋಲ್. ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಹೆಸರು ಗೊತ್ತಿರಲಿಲ್ಲ. ಹೆಸರು ಕೇಳಿದಾಗ ಕೆಲಸ ನೆನಪಾಗಲಿಲ್ಲ.

ಸ್ಟೋರಿಬೋರ್ಡಿಗೆ ಸುವರ್ಣಾ ಹಳೆಯ ಕ್ಯಾಲೆಂಡರಿನ ಹಾಳೆ ತಂದು ಹಿಂದಿನ ಬಿಳಿ ಬದಿಗೆ ಚೌಕ ಎಳೆದಳು. ಒಂದೊಂದು ಚೌಕದಲ್ಲಿ ಒಂದೊಂದು ಚಿತ್ರ. ಮೊದಲು ಲಾರಿ, ಆಮೇಲೆ ನೆಲ್ಲು, ಹೀಗೆ. ಹನುಮಂತಪ್ಪ ಬಗ್ಗಿ ನೋಡಿ ಬೆರಳಿಟ್ಟ. "ಅವ್ವಾರ, ಹೊಟ್ಟು ಬಿಡಸೂದಕ್ಕ ಮೊದಲ ಪಾಲಿಶ್ ಬರದೀರಿ. ನಮ್ಮ ಮಿಲ್ಲಿನ ಮಾನ ಹೋಗತೈತಿ." ಅವಳು ರಬ್ಬರಿನಿಂದ ಅಳಿಸಿದಳು. ಸ್ಟೋರಿಬೋರ್ಡಿನ ಉಪಯೋಗ ನನಗೆ ಆ ಕ್ಷಣ ತಿಳಿಯಿತು. ಅದೇ ತಪ್ಪನ್ನು ಕ್ಯಾಮೆರಾದಲ್ಲಿ ಮಾಡಿದ್ದರೆ ಒಂದು ದಿನ ಹೋಗುತ್ತಿತ್ತು.

ಎಲ್ಲ ಸರಿ, ಸಾಹುಕಾರರು ಒಪ್ಪಬೇಕಲ್ಲ. ಮರುದಿನ ಬೆಳಿಗ್ಗೆ ಅವರು ಆಫೀಸಿನಲ್ಲಿ ಕುಳಿತಾಗ ಸುವರ್ಣಾ ಒಂದು ತಾಟು ತಂದು ಮೇಜಿನ ಮೇಲಿಟ್ಟಳು. ಅದರಲ್ಲಿ ಮೂರು ಗುಂಪು. ಒಂದು ಹಿಡಿ ನೆಲ್ಲು, ಒಂದು ಹಿಡಿ ಕಂದು ಅಕ್ಕಿ, ಒಂದು ಹಿಡಿ ಬಿಳಿ ಅಕ್ಕಿ. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಅಪ್ಪಾ, ಇದನ್ನ ಖರೀದಿದಾರಗ ತೋರಸ್ತೀರೇನು?" ಎಂದು ನಡುವಿನ ಗುಂಪು ತೋರಿಸಿದಳು.

"ತಲಿ ಗಿಲಿ ಕೆಟ್ಟೇತೇನು? ಅದಿನ್ನೂ ಪಾಲಿಶ್ ಆಗಿಲ್ಲ."

"ನಿನ್ನಿ ನಿಮಗ ತೋರಿಸಿದ್ದು ಇದನ್ನ. ಇನ್ನೂ ಪಾಲಿಶ್ ಐತಿ ಅಂತ ಹೇಳದ ತೋರಿಸಿದ್ವಿ. ಅದು ನಮ್ಮ ತಪ್ಪು."

ಸಾಹುಕಾರರು ತಾಟನ್ನು ನೋಡಿದರು, ಮಗಳನ್ನು ನೋಡಿದರು. ಅಭ್ಯಾಸದಂತೆ ಒಂದು ಕಂದು ಕಾಳು ಎತ್ತಿ ಮುಂದಿನ ಹಲ್ಲಿನಲ್ಲಿ ಕಡಿದರು. ಅಕ್ಕಿ ವ್ಯಾಪಾರದವರು ಕಣ್ಣಿಗಿಂತ ಹಲ್ಲನ್ನು ನಂಬುತ್ತಾರೆ.

"ಹಂಗಾರ ಪಾಲಿಶ್ ಮಾಡಿ ತರ್ರಿ, ನೋಡೋಣ."

ಇಲ್ಲಿ ನಾನು ಹ್ಞೂಂ ಅನ್ನಬಹುದಿತ್ತು. ಬಣ್ಣ ತಿದ್ದಿ, ಸನಾದಿ ಹಾಕಿ ಹೇಗೋ ದಾಟಿಸಬಹುದಿತ್ತು. ಬಾಯಿ ತೆರೆದೆ.

"ಇಲ್ರಿ ಸಾಹುಕಾರ್ರ, ಪಾಲಿಶ್ ಅಷ್ಟಕ್ಕ ಆಗೂದಿಲ್ಲ. ನಾ ತಂದ ನೆಲ್ಲ ಜೊಳ್ಳೈತಿ. ಮಿಲ್ಲು ನಿಂದ್ರಿಸಿ ತಗದೀನಿ. ಓಡೋ ಮಿಲ್ಲು ಮತ್ತ ತಗೀಬೇಕು. ಇವತ್ತ, ನಾಳೆ ಬಿಟ್ರ ದಿನ ಇಲ್ಲ. ತಪ್ಪು ನಂದು, ಖರ್ಚೂ ನಂದ."

ಸಾಹುಕಾರರು ಬಾಯಲ್ಲಿದ್ದ ಕಾಳನ್ನು ಅಗಿದು ಮುಗಿಸಿದರು. ಆಮೇಲೆ ತಾಟನ್ನು ನನ್ನ ಕಡೆ ಸರಿಸಿದರು. "ಜೊಳ್ಳಿಗೆ ಎಷ್ಟ ಪಾಲಿಶ್ ಹೊಡದ್ರೂ ನುಚ್ಚ ಬರತೈತಿ. ಜೊಳ್ಳಂತ ಬಾಯಿಬಿಟ್ಟು ಹೇಳಿದ ವ್ಯಾಪಾರಸ್ಥನ್ನ ಇವತ್ತ ಮೊದಲ ನೋಡಿದೆ. ಹೋಗ್ರಿ, ತಗೀರಿ. ನನಗ ಶಾಲು ಮಾತ್ರ ಬ್ಯಾಡ, ಸೆಕಿ ಆಗತೈತಿ."

ಆ ಎರಡು ದಿನ ನನ್ನ ಕೆಲಸದ ಬದುಕಿನಲ್ಲೇ ಭಾಳ ಸಂತೋಷದ ದಿನಗಳು. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೂಗಿಗೆ ಟವಲು ಕಟ್ಟಿ, ಮಿಲ್ಲಿನೊಳಗೆ ನಿಂತೆ. ಮೀಸೆಯ ಮೇಲೆ ತೌಡು ಕೂತು ಅರ್ಧ ದಿನದಲ್ಲಿ ನನ್ನ ಮೀಸೆ ನಮ್ಮಪ್ಪನ ಮೀಸೆಯಾಯಿತು. ಬೆಳಕಿನ ಕೋಲಿನಲ್ಲಿ ಧೂಳು ಬಂಗಾರದಂತೆ ಹಾರುವುದನ್ನು ತೆಗೆದೆ. ಅದೇ ಧೂಳಿಗೆ ಹೆದರಿ ಮಿಲ್ಲು ನಿಲ್ಲಿಸಿದ್ದೆ! ಹಮಾಲರು ದಿನದ ಅಂಗಿಯಲ್ಲಿ, ದಿನದ ಬೈಗುಳದಲ್ಲಿ ಚೀಲ ಎತ್ತಿದರು. ಹನುಮಂತಪ್ಪ ಯಂತ್ರದ ಮೈಮೇಲೆ ಅಂಗೈಯಿಟ್ಟು ತಲೆ ವಾಲಿಸಿ, ಮಗುವಿನ ಜ್ವರ ನೋಡುವಂತೆ ಅದರ ನಡುಕ ಕೇಳಿದ. ಸಾಹುಕಾರರು ಕಾಳು ಕಡಿಯುವುದನ್ನು ಅವರಿಗೆ ತಿಳಿಯದಂತೆ ಹಿಡಿದೆ.

ವಾಯ್ಸ್ ಓವರ್ ಅಂದರೆ ಚಿತ್ರದ ಮೇಲೆ ಓದಿ ಹಾಕುವ ದನಿ. ಬರುವವರು ತೆಲುಗಿನವರು. ಬೇರೆ ಊರಿಂದ ಯಾರನ್ನಾದರೂ ಕರೆಸೋಣ ಎಂದೆ. ಸುವರ್ಣಾ ತಾನೇ ಕುಳಿತಳು. ಆಂಧ್ರದಿಂದ ಬಂದು ನೆಲೆಸಿದವರ ಕಾಲುವೆ ಕಡೆಯ ಕ್ಯಾಂಪುಗಳ ಗೆಳತಿಯರ ಜೊತೆ ಆಡಿ ಬೆಳೆದವಳು, ತೆಲುಗು ಅವಳಿಗೆ ಆಟದ ಭಾಷೆ. ಸದ್ದು ಬರದ ಜಾಗ ಬೇಕು ಎಂದು ಗೋದಾಮಿನಲ್ಲಿ ಅಕ್ಕಿ ಚೀಲಗಳ ನಡುವೆ ಕೂರಿಸಿದೆ. ಸುತ್ತಲೂ ಚೀಲ, ದನಿ ಎಲ್ಲೂ ಬಡಿದು ವಾಪಸ್ ಬರುವುದಿಲ್ಲ. ಪಟ್ಟಣದ ಸ್ಟುಡಿಯೋದಲ್ಲೂ ಅಷ್ಟು ಸ್ವಚ್ಛ ದನಿ ನನಗೆ ಸಿಕ್ಕಿರಲಿಲ್ಲ.

ಆಫೀಸಿನ ಟಿವಿ ಅಡ್ಡ ಇದೆಯೋ, ಖರೀದಿದಾರರು ಮೊಬೈಲಿನಲ್ಲಿ ನಿಲುವಾಗಿ ನೋಡುವವರೋ ಎಂದು ಈ ಸಲ ಮೊದಲೇ ಕೇಳಿದೆ. ಎರಡು ರಿವಿಷನ್ ಕೂಡ ಲೆಕ್ಕಕ್ಕೆ ಸರಿಯಾಗಿ ಎರಡೇ ಆದವು. ಮೂರನೆಯದಕ್ಕೆ ಸಾಹುಕಾರರು ಬಾಯಿ ತೆರೆದಾಗ ಹನುಮಂತಪ್ಪ, "ಚೀಲ ಹೊಲದೈತ್ರಿ" ಅಂದ. ಅವರು ಬಾಯಿ ಮುಚ್ಚಿಕೊಂಡರು.

ಖರೀದಿದಾರರು ಬಂದ ದಿನ ಮಿಲ್ಲು ಬಿಚ್ಚಿ ಹರಡಿತ್ತು. ಆಫೀಸಿನಲ್ಲಿ ಸಾಹುಕಾರರು ನಡುವೆ, ಬಸವರಾಜ ಹೊಸ ಇಸ್ತ್ರಿಯಲ್ಲಿ ಪಕ್ಕಕ್ಕೆ, ಸುವರ್ಣಾ ಗೋಡೆಯ ಹತ್ತಿರ. ನಾನು ವಿಡಿಯೋ ಹಾಕಿದೆ. 'ಇದು ಫೈನಲ್' ಎಂದು ಹೇಳಿಯೇ ಹಾಕಿದೆ. ಬಂದವರಲ್ಲಿ ಹಿರಿಯರೊಬ್ಬರು ಕಣ್ಣು ಕಿರಿದು ಮಾಡಿ ನೋಡಿದರು. ಮುಗಿದ ಮೇಲೆ ಕೈ ಎತ್ತಿ, ಒಂದು ಕಡೆ ಮತ್ತೆ ತೋರಿಸಿ ಅಂದರು. ಸಾಹುಕಾರರು ಕಾಳು ಕಡಿಯುವ ಜಾಗ. ಎರಡನೇ ಸಲ ನೋಡಿ ಆ ಹಿರಿಯರು ತಮ್ಮ ಮುಂದಿನ ಹಲ್ಲನ್ನು ತಟ್ಟಿ ತೋರಿಸಿ ನಕ್ಕರು. ಸಾಹುಕಾರರೂ ನಕ್ಕರು. ಆಮೇಲೆ ಅವರು ಧಾರಣೆ, ತೇವ, ಲೋಡು ಎಂದು ತೆಲುಗಿನಲ್ಲಿ ಸಾಹುಕಾರರನ್ನೇ ನೋಡುತ್ತ ಒಂದರ ಹಿಂದೊಂದು ಕೇಳಿದರು. ಬಸವರಾಜ ಗಂಟಲು ಸರಿಮಾಡಿಕೊಂಡು ಮುಂದಕ್ಕೆ ಬಾಗಿದ.

ಸಾಹುಕಾರರು ಎದ್ದರು. ತಾವು ಕುಳಿತ ಕುರ್ಚಿಯನ್ನು ಗೋಡೆಯ ಹತ್ತಿರವಿದ್ದ ಮಗಳ ಕಡೆ ತಿರುಗಿಸಿದರು.

"ಆಕೀನ್ನ ಕೇಳ್ರಿ. ಹೊರಗಿನ ವ್ಯಾಪಾರ ಇನ್ನ ಆಕೀದು."

ಸುವರ್ಣಾ ಬಂದು ಕುಳಿತಳು. ನಾನು ವೈರು ಸುತ್ತುವ ನೆಪದಲ್ಲಿ ಬಗ್ಗಿದೆ, ಕಣ್ಣು ಒರೆಸಿಕೊಳ್ಳಲು.

ಆ ವಾರವೇ ಮೂರು ಬಾಟಲಿ ಅಂಗಡಿಗೆ ಬಂದವು. ಹೊಸ ಸುಗ್ಗಿಯಾದಾಗಲೆಲ್ಲ ಸುವರ್ಣಾ ಹಳೆಯದನ್ನು ಸುರಿದು ಹೊಸದು ತುಂಬಿಸುತ್ತಾಳೆ. ಕೆಲಸ ಕೊಡಲು ಬಂದವರ ಮುಂದೆ ನಾನು ಮೊದಲು ಬಾಟಲಿ ಇಡುತ್ತಿದ್ದೆ, ಆಮೇಲೆ ಮಾತು. ಯಲಬುರ್ಗಾದ ಕೌದಿ ಹೊಲಿಯುವ ಹೆಣ್ಣುಮಕ್ಕಳಿಂದ ಹಿಡಿದು ಇರಕಲ್ಲಗಡದ ಟ್ರ್ಯಾಕ್ಟರ್ ಅಂಗಡಿಯವರ ತನಕ ಯಾರೂ ರಫ್ ಕಟ್ ನೋಡಿ ಎದ್ದು ಹೋಗಲಿಲ್ಲ.

ಮೊನ್ನೆ ಸುವರ್ಣಾ ಬಾಟಲಿ ತುಂಬಿಸಲು ಬಂದಾಗ ಕೈಯಲ್ಲಿ ಒಂದು ಹೊಸ ಕಾಗದವೂ ಇತ್ತು. ಮಿಲ್ಲಿಗೆ ಇನ್ನೊಂದು ವಿಡಿಯೋ. ರೇಖಾ ಅಂಗಡಿಯ ಯಜಮಾನಿಯಾಗಿ ತೆಗೆದುಕೊಳ್ಳುವ ಮೊದಲ ದೊಡ್ಡ ಕೆಲಸ ಅದು. ಅವಳು ಕಾಗದ ಓದುತ್ತ ಕೆಳಗಿನ ಸಾಲಿಗೆ ಬಂದು ನಿಂತಳು. ನಾನು ಮೂಲೆಯಿಂದ ಕತ್ತು ಚಾಚಿದೆ.

"ಅಕ್ಕಾ, ಈ 'ಅನಾಮಾರ್ಫಿಕ್' ಅಂದ್ರ ಏನು? ನನಗ ಗೊತ್ತಿಲ್ಲ."

ಎಷ್ಟು ಸಲೀಸಾಗಿ ಅಂದಳು, ನೀರು ಕೇಳಿದಂತೆ. ಸುವರ್ಣಾ ಕಾಗದ ನೋಡಿದಳು, ನನ್ನನ್ನು ನೋಡಿದಳು. ಅವಳ ಮೂಗು ಹಿಗ್ಗತೊಡಗಿತು.

"ಖರೆ ಹೇಳ್ಲೇನು? ನನಗೂ ಗೊತ್ತಿಲ್ಲ. ಇಂಟರ್ನೆಟ್ಟಿನಾಗ ಇತ್ತು."

ರೇಖಾ ಪೆನ್ನು ತೆಗೆದು ಆ ಪದದ ಸುತ್ತ ಗೆರೆ ಎಳೆದಳು. ನಾನು ಬಾಟಲಿಗಳನ್ನು ಅವರಿಬ್ಬರ ನಡುವೆ ಸರಿಸಿ, ಚಹಾ ಹೇಳಲು ಎದ್ದೆ.